ಕೆಜಿಎಫ್ ಖಾಲಿ ಗೋಡೆಯಲ್ಲ

ಕೋಲಾರದ ಚಿನ್ನದ ಗಣಿಯ ಊರಾದ ಕೆಜಿಎಫ್‌ನ ಮಾತು ಬಂದಾಗಲೆಲ್ಲ ಕಲೆಯಲ್ಲಿ ಆಸಕ್ತಿ ಇರುವವರ ನಡುವೆ ಒಂದು ಸಲಹೆ ಕೇಳಿಬರುತ್ತದೆ. ಗಣಿ ಮುಚ್ಚಿದ ಮೇಲೆ ಊರು ಸತ್ತುಹೋಗಿದೆ. ಆದರೆ ಗಣಿಬಾಯಿಯ ಮೇಲಿನ ಆ ತುಕ್ಕು ಹಿಡಿದ ಹೆಡ್‌ಗೇರ್ ಗೋಪುರಗಳು, ಬ್ರಿಟಿಷರ ಕಾಲದ ಬಂಗಲೆಗಳು, ಗಣಿತ್ಯಾಜ್ಯದ ಬೋಳು ಸೈನೈಡ್ ದಿಬ್ಬಗಳು ಬೇರೆಲ್ಲೂ ಸಿಗುವಂಥವಲ್ಲ. ಇಡೀ ಪ್ರದೇಶವನ್ನು ‘ಕ್ರಿಯೇಟಿವ್ ಡಿಸ್ಟ್ರಿಕ್ಟ್’ ಮಾಡಿ, ಕೊಚ್ಚಿಯ ಬಿನಾಲೆಯ ಹಾಗೆ ಅಂತರರಾಷ್ಟ್ರೀಯ ಸಮಕಾಲೀನ ಕಲಾ ಉತ್ಸವವೊಂದನ್ನು ಇಲ್ಲಿ ನಡೆಸಿದರೆ ಊರಿಗೆ ಮತ್ತೆ ಜೀವ ಬರುತ್ತದೆ ಎನ್ನುತ್ತಾರೆ. ಹೀಗೆ ಹೇಳುವವರಲ್ಲಿ ಕೆಜಿಎಫ್ ಬಗ್ಗೆ ನಿಜವಾದ ಮರುಕ ಇರುವವರೇ ಹೆಚ್ಚು. ಅವರ ಮರುಕವನ್ನು ನಾನು ಅನುಮಾನಿಸುವುದಿಲ್ಲ. ಆದರೆ ಅವರ ಲೆಕ್ಕ ತಪ್ಪು ಎಂದು ಹೇಳಲೇಬೇಕಾಗಿದೆ.

ತಪ್ಪು ಎರಡು ಕಡೆ ಇದೆ. ಕಲೆ ಮೊದಲು ಬಂದರೆ ಊರು ಅದರ ಹಿಂದೆ ತಾನಾಗಿ ಎದ್ದು ನಿಲ್ಲುತ್ತದೆ ಎಂದು ನಂಬಿರುವುದು ಒಂದು. ಕೆಜಿಎಫ್ ಎಂದರೆ ಹೊರಗಿನವರು ಬಂದು ಅರ್ಥ ತುಂಬಬೇಕಾದ ಖಾಲಿ ಜಾಗ ಎಂದು ಎಣಿಸಿರುವುದು ಇನ್ನೊಂದು.

‘ಸತ್ತ ಊರು’ ಎಂಬ ಮಾತಿನಿಂದಲೇ ಆರಂಭಿಸೋಣ. ಬೆಳಕು ಹರಿಯುವ ಮುನ್ನ ಮಾರಿಕುಪ್ಪಂ ನಿಲ್ದಾಣಕ್ಕೆ ಹೋಗಿ ನಿಲ್ಲಿ. ಊಟದ ಡಬ್ಬಿ ಹಿಡಿದ ಜನ ರೈಲು ಹತ್ತುತ್ತಾರೆ. ಚಾಂಪಿಯನ್, ಊರ್‌ಗಾಂ, ಕೋರಮಂಡಲ ದಾಟಿ ಬಂಗಾರಪೇಟೆ ಜಂಕ್ಷನ್ ತಲುಪುವ ಹೊತ್ತಿಗೆ ಕೂರಲು ಜಾಗವಿರುವುದಿಲ್ಲ. ಗಣಿಗೋಸ್ಕರ 1894ರಲ್ಲಿ ಹಾಕಿದ ಈ ಕವಲು ಹಳಿಯ ಮೇಲೆ ಈಗ ಚಿನ್ನ ಸಾಗುತ್ತಿಲ್ಲ, ಮನುಷ್ಯರ ದುಡಿಮೆ ಸಾಗುತ್ತಿದೆ. ಗಣಿ ಕಾರ್ಮಿಕರ ಮಕ್ಕಳು, ಮೊಮ್ಮಕ್ಕಳು ಬೆಂಗಳೂರಿನ ಕಚೇರಿ, ಕಾರ್ಖಾನೆ, ಅಂಗಡಿ, ಆಸ್ಪತ್ರೆಗಳಲ್ಲಿ ದುಡಿದು ರಾತ್ರಿ ಅದೇ ರೈಲಿನಲ್ಲಿ ಮನೆಗೆ ಮರಳುತ್ತಾರೆ. ದಿನವೂ ಇಷ್ಟು ದೂರ ಹೋಗಿಬಂದು ಉಳಿಸಿಕೊಂಡಿರುವ ಊರನ್ನು ಸತ್ತ ಊರು ಎನ್ನುವುದು ಅವರಿಗೆ ಮಾಡುವ ಅವಮಾನ. ಊರಿಗೆ ಅನ್ಯಾಯವಾಗಿದೆ ಎಂದರೆ ಅದು ನಿಜ. ಸತ್ತಿದೆ ಎಂದರೆ, ಆ ಅನ್ಯಾಯಕ್ಕೆ ಉತ್ತರ ಕೊಡಬೇಕಾದವರಿಗೆ ನಾವೇ ಬಿಡುಗಡೆ ಪತ್ರ ಬರೆದುಕೊಟ್ಟಂತೆ. ಸತ್ತವರಿಗೆ ಯಾರೂ ಬಾಕಿ ತೀರಿಸುವುದಿಲ್ಲ.

ಕೆಜಿಎಫ್‌ಗೆ ಬರಬೇಕಾದ ಬಾಕಿ ದೊಡ್ಡದು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಗಣಿಯ ಆಡಳಿತ ವಹಿಸಿಕೊಂಡಂದಿನಿಂದ 2001ರವರೆಗೆ ಈ ನೆಲದಿಂದ ಸುಮಾರು 800 ಟನ್ ಚಿನ್ನ ಹೊರಬಂತು. ಗಣಿ ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿಯಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಇಲ್ಲಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ. ಇದನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆದರೆ ಆ ವಿದ್ಯುತ್ತನ್ನು ತಂದದ್ದು ಗಣಿಯ ಯಂತ್ರಗಳಿಗಾಗಿ. ಮೇಲೆ ಬಂದ ಚಿನ್ನದ ಲಾಭ ಬಹುಕಾಲ ಲಂಡನ್ನಿನ ಷೇರುದಾರರಿಗೆ ಹೋಯಿತು. ಶಿಲೆ ಸಿಡಿದಾಗ ಸತ್ತವರ ಮನೆಯ ದುಃಖ, ಕಲ್ಲಿನ ದೂಳು ಕುಡಿದ ಶ್ವಾಸಕೋಶ ಮತ್ತು ಹದಿಮೂರು ಸೈನೈಡ್ ದಿಬ್ಬಗಳು ಊರಿಗೆ ಉಳಿದವು.

ಆದ್ದರಿಂದ ‘ಅಂತರರಾಷ್ಟ್ರೀಯ’ ಎಂಬುದು ಈ ಊರಿಗೆ ಹೊಸ ಮಾತಲ್ಲ. ಇಂಗ್ಲೆಂಡಿನ ಕಾರ್ನ್‌ವಾಲ್‌ನಿಂದ ಗಣಿ ಬಲ್ಲವರು ಇಲ್ಲಿಗೆ ಬಂದಿದ್ದರು. 1965ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನಿನ ಒಸಾಕಾ, ಇಂಗ್ಲೆಂಡಿನ ಡರ್‌ಹ್ಯಾಮ್ ತಂಡಗಳ ಜೊತೆಗೂಡಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಸುಳಿವನ್ನು ಜಗತ್ತಿನಲ್ಲೇ ಮೊದಲಿಗೆ ಕಂಡವರ ಸಾಲಿಗೆ ಸೇರಿದ್ದು ಈ ಗಣಿಯ ಆಳದಲ್ಲಿ. ಜಗತ್ತು ಇಲ್ಲಿಗೆ ಬಂತು, ಬೇಕಾದದ್ದನ್ನು ತೆಗೆದುಕೊಂಡಿತು, ಹೋಯಿತು. ಕಾರ್ನ್‌ವಾಲ್‌ನ ಗಣಿ ಪ್ರದೇಶ 2006ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಅಲ್ಲಿನವರ ಜೊತೆ ಇಲ್ಲಿ ಗಣಿಯೊಳಕ್ಕೆ ಅದೇ ಕೇಜಿನಲ್ಲಿ ಇಳಿದ ಕಾರ್ಮಿಕರ ನೆನಪಿಗೆ ಅಂಥ ಮನ್ನಣೆ ಬಂದಿಲ್ಲ. ಮುಂದೆ ಬರುವ ಉತ್ಸವವೂ ಇದೇ ದಾರಿಯಲ್ಲಿ ನಡೆಯುವುದಿಲ್ಲ ಎಂಬ ಖಾತರಿ ನಮಗೆ ಬೇಕು. ದೃಶ್ಯ ಇಲ್ಲಿಯದಾಗಿ ಹೆಸರು ಬೇರೆಯವರದಾದರೆ ಅದು ಗಣಿಗಾರಿಕೆಯ ಇನ್ನೊಂದು ರೂಪವೇ.

ಈಗ ಹೊರಗಿನ ಉದಾಹರಣೆಗಳಿಗೆ ಬರೋಣ. ಸಲಹೆ ಕೊಡುವವರು ನೆಚ್ಚಿಕೊಂಡಿರುವುದು ಅವನ್ನೇ. 2001ನೇ ಇಸವಿಯನ್ನೇ ತೆಗೆದುಕೊಳ್ಳಿ. ಆ ವರ್ಷ ಫೆಬ್ರುವರಿ 28ಕ್ಕೆ ಕೇಂದ್ರ ಸರ್ಕಾರದ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಕೆಜಿಎಫ್ ಗಣಿಗಳನ್ನು ಮುಚ್ಚಿತು. ಅದೇ ವರ್ಷ ಜರ್ಮನಿಯ ಎಸ್ಸೆನ್ ನಗರದ ಝೋಲ್‌ಫೆರೈನ್ ಕಲ್ಲಿದ್ದಲು ಗಣಿ ವಿಶ್ವ ಪರಂಪರೆಯ ತಾಣವಾಯಿತು. ಇಂದು ಅಲ್ಲಿ ವಸ್ತುಸಂಗ್ರಹಾಲಯ, ರಂಗಭೂಮಿ, ವಿನ್ಯಾಸ ಶಿಕ್ಷಣ ಎಲ್ಲ ಇವೆ. ಹಳೆಯ ಗಣಿ ಕಾರ್ಮಿಕರೇ ಬಂದವರಿಗೆ ಗಣಿ ತೋರಿಸುತ್ತಾರೆ. ‘ನೋಡಿ, ಕಲೆ ಹೇಗೆ ಗಣಿಯೂರನ್ನು ಉಳಿಸಿತು’ ಎಂದು ಸಲಹೆ ಕೊಡುವವರು ಇದನ್ನು ತೋರಿಸುತ್ತಾರೆ.

ಆದರೆ ಅಲ್ಲಿ ಕೆಲಸ ನಡೆದ ಕ್ರಮವನ್ನು ನೋಡಬೇಕು. ಝೋಲ್‌ಫೆರೈನ್ ಗಣಿ ನಿಂತದ್ದು 1986ರಲ್ಲಿ. ಅಲ್ಲಿನ ರಾಜ್ಯ ಸರ್ಕಾರ ಆಗಲೇ ಅದನ್ನು ಕೊಂಡು ಸಂರಕ್ಷಿತ ಸ್ಮಾರಕ ಮಾಡಿತು. ಕಟ್ಟಡ, ಯಂತ್ರಗಳು ಗುಜರಿಗೆ ಹೋಗುವ ಮುನ್ನ ಆ ಕೆಲಸ ಆಗಿತ್ತು. 1989ರಿಂದ 1999ರವರೆಗೆ ಹತ್ತು ವರ್ಷ, ಎಂಶರ್ ನದಿಯ ಉದ್ದಕ್ಕೂ ಹಾಳಾಗಿದ್ದ ನೆಲ ಮತ್ತು ನೀರನ್ನು ಸರಿಪಡಿಸುವ ದೊಡ್ಡ ಯೋಜನೆ ನಡೆಯಿತು. ಆ ಪ್ರದೇಶದ ಗಣಿಗಳ ನೀರನ್ನು ಎತ್ತಿ ಹಾಕುವ ಪಂಪುಗಳು ಇಂದಿಗೂ ನಿಂತಿಲ್ಲ. ಅವುಗಳ ಖರ್ಚನ್ನು ಎಂದೆಂದಿಗೂ ಭರಿಸಲೆಂದೇ 2007ರಲ್ಲಿ ಒಂದು ಪ್ರತಿಷ್ಠಾನ ಸ್ಥಾಪಿಸಿದರು. ಮುಗಿಯದ ಹೊಣೆ ಎಂಬ ಅರ್ಥದ ಪದವೊಂದು ಅವರ ಲೆಕ್ಕಪತ್ರದಲ್ಲೇ ಇದೆ. ಕೆಜಿಎಫ್‌ನಲ್ಲಿ ಆದದ್ದೇನು? ಪಂಪು ನಿಂತಿತು. ನೀರು ಏರಿ ಶಾಫ್ಟುಗಳನ್ನು ನುಂಗಿತು. ಜರ್ಮನಿಯಲ್ಲಿ ನೆಲ, ನೀರು, ಕಟ್ಟಡಗಳ ಹೊಣೆ ಹೊತ್ತ ಮೇಲೆ ಕಲೆ ಬಂತು. ನಾವು ಕೊನೆಯ ಮೆಟ್ಟಿಲನ್ನು ಮಾತ್ರ ನೋಡಿ, ಏಣಿ ಅಷ್ಟೇ ಎಂದುಕೊಂಡಿದ್ದೇವೆ.

ಇನ್ನೊಂದು ಉದಾಹರಣೆ ಬೆಲ್ಜಿಯಂನ ಗೆಂಕ್. ಯುರೋಪಿನ ಊರಿಂದೂರಿಗೆ ಸಾಗುವ ‘ಮ್ಯಾನಿಫೆಸ್ಟಾ’ ಸಮಕಾಲೀನ ಕಲಾ ಉತ್ಸವದ ಒಂಬತ್ತನೆಯ ಆವೃತ್ತಿ 2012ರ ಬೇಸಿಗೆಯಲ್ಲಿ ಅಲ್ಲಿನ ವಾಟರ್‌ಸ್ಕೈ ಕಲ್ಲಿದ್ದಲು ಗಣಿಯ ಕಟ್ಟಡದಲ್ಲಿ ನಡೆಯಿತು. ಗಣಿಯೂರಿನಲ್ಲಿ ಅಂತರರಾಷ್ಟ್ರೀಯ ಕಲಾ ಉತ್ಸವ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಮಾದರಿ ಸಿಗದು. ಅದನ್ನು ಆತುರದಲ್ಲಿ ಮಾಡಿರಲಿಲ್ಲ. ಮೆಕ್ಸಿಕೊದ ಕ್ಯೂರೇಟರ್ ಕ್ವಾವ್ತೆಮೊಕ್ ಮೆದಿನಾ ಅವರು ಇಂದಿನ ಕಲಾಕೃತಿಗಳ ಜೊತೆಗೆ ಗಣಿ ಕಾರ್ಮಿಕರ ಹೆಂಡತಿಯರು ಹೊಲಿದ ಕಸೂತಿ ಬಟ್ಟೆಗಳನ್ನೂ, ಟರ್ಕಿಯಿಂದ ಬಂದ ಕಾರ್ಮಿಕರ ನಮಾಜಿನ ಚಾಪೆಗಳನ್ನೂ ಇಟ್ಟಿದ್ದರು. ಗಣಿಯ ಜನರನ್ನು ಗೌರವಿಸುವ ಉತ್ಸವ ಹೇಗಿರಬೇಕು ಎಂಬುದಕ್ಕೆ ಅದನ್ನು ನಾನೂ ಎತ್ತಿ ತೋರಿಸುತ್ತೇನೆ. ಆದರೆ ಉತ್ಸವ ಮುಗಿದದ್ದು ಸೆಪ್ಟೆಂಬರ್ 30ಕ್ಕೆ. ಅಕ್ಟೋಬರ್ 24ಕ್ಕೆ ಫೋರ್ಡ್ ಕಂಪನಿ ಗೆಂಕ್‌ನ ತನ್ನ ಕಾರು ಕಾರ್ಖಾನೆಯನ್ನು ಮುಚ್ಚುವುದಾಗಿ ಘೋಷಿಸಿತು. ನಾಲ್ಕು ಸಾವಿರಕ್ಕೂ ಹೆಚ್ಚು ಜನರ ಕೆಲಸ ಹೋಯಿತು. ಇದು ಉತ್ಸವದ ತಪ್ಪಲ್ಲ. ಅಷ್ಟು ಒಳ್ಳೆಯ ಉತ್ಸವಕ್ಕೂ ಊರಿನ ಅನ್ನವನ್ನು ಕಾಯುವ ಶಕ್ತಿ ಇರಲಿಲ್ಲ ಎಂಬುದನ್ನು ಮಾತ್ರ ಇದರಿಂದ ತಿಳಿಯಬೇಕು.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಉದಾಹರಣೆಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಜಪಾನಿನ ಸೆಟೊ ಒಳಸಮುದ್ರದ ದ್ವೀಪಗಳಲ್ಲಿ 2010ರಿಂದ ಮೂರು ವರ್ಷಕ್ಕೊಮ್ಮೆ ಕಲಾ ಉತ್ಸವ ನಡೆಯುತ್ತಿದೆ. ಒಗಿಜಿಮಾ ಎಂಬ ಪುಟ್ಟ ದ್ವೀಪಕ್ಕೆ ಉತ್ಸವದ ನಂತರ ಕೆಲವು ಕುಟುಂಬಗಳು ಮರಳಿ, ಮುಚ್ಚಿದ್ದ ಶಾಲೆ 2014ರಲ್ಲಿ ಮತ್ತೆ ತೆರೆಯಿತು. ಇದು ದೊಡ್ಡ ಫಲವೇ. ಆದರೆ ಹಳೆಯ ತಾಮ್ರ ಶುದ್ಧೀಕರಣ ಘಟಕದ ಅವಶೇಷದಲ್ಲಿ ಸುಂದರವಾದ ಕಲಾ ಸಂಗ್ರಹಾಲಯವಿರುವ ಇನುಜಿಮಾ ದ್ವೀಪದಲ್ಲಿ ಉಳಿದವರು ಕೆಲವೇ ಡಜನ್ ವೃದ್ಧರು. ಒಂದೇ ಉತ್ಸವಕ್ಕೆ ಎರಡು ಫಲ ಸಿಕ್ಕಿದೆ. ಒಗಿಜಿಮಾದಲ್ಲಿ ಮರಳಿ ಬರಲು ಬಯಸಿದ ಮನೆಯವರಿದ್ದರು, ಅವರು ಕೇಳಿದ ಶಾಲೆಯನ್ನು ತೆರೆದುಕೊಟ್ಟ ಸ್ಥಳೀಯ ಆಡಳಿತ ಇತ್ತು. ಕಲೆ ದಾರಿ ತೋರಿಸಿರಬಹುದು. ಊರನ್ನು ಹಿಡಿದು ನಿಲ್ಲಿಸಿದ್ದು ಶಾಲೆ.

ಕೊಚ್ಚಿಯ ಹೋಲಿಕೆಯಂತೂ ಕೆಜಿಎಫ್‌ಗೆ ಹೊಂದುವುದೇ ಇಲ್ಲ. 2012ರ ಡಿಸೆಂಬರ್ 12ಕ್ಕೆ ಬಿನಾಲೆ ಆರಂಭವಾದಾಗ ಫೋರ್ಟ್ ಕೊಚ್ಚಿ ಆಗಲೇ ಪ್ರವಾಸಿಗಳ ಊರು. ಬಂದರು, ವಿಮಾನ ನಿಲ್ದಾಣ, ಮನೆಮನೆಯ ವಸತಿ ಎಲ್ಲ ಇದ್ದವು, ಕೇರಳ ಸರ್ಕಾರದ ಹಣ ಬೆನ್ನಿಗಿತ್ತು. ಕೆಜಿಎಫ್ ಬೆಂಗಳೂರಿನಿಂದ ನೂರು ಕಿಲೋಮೀಟರ್ ಆಸುಪಾಸಿನಲ್ಲಿದೆ. ಬೆಳಿಗ್ಗೆ ಬಂದವರು ಸಂಜೆ ಹಿಂದಿರುಗುತ್ತಾರೆ, ಹೋಟೆಲಿನ ಬಾಡಿಗೆ ಬೆಂಗಳೂರಿಗೇ ಸೇರುತ್ತದೆ. ಹತ್ತಿರದ ಕಮ್ಮಸಂದ್ರದ ಕೋಟಿಲಿಂಗೇಶ್ವರ ದೇವಸ್ಥಾನಕ್ಕೆ ವರ್ಷವಿಡೀ ಬಸ್ಸುಗಟ್ಟಲೆ ಜನ ಬರುತ್ತಾರೆ. ಬೆಳಗಿನ ರೈಲಿನ ಜನಸಂದಣಿ ಅದರಿಂದ ಕಡಿಮೆಯಾಗಿಲ್ಲ. ನೋಡುಗರು ಬರುವುದೂ ಊರಿನವರಿಗೆ ಕೆಲಸ ಸಿಗುವುದೂ ಬೇರೆ ಬೇರೆ ಸಂಗತಿಗಳು.

ಎರಡನೆಯ ತಪ್ಪು ನನಗೆ ಇನ್ನೂ ಹೆಚ್ಚು ನೋವು ಕೊಡುತ್ತದೆ. ಕೆಜಿಎಫ್‌ಗೆ ‘ಸೃಜನಶೀಲತೆ’ಯನ್ನು ಹೊರಗಿನಿಂದ ತರಬೇಕು ಎಂದುಕೊಳ್ಳುವವರು ಈ ಊರು ಏನನ್ನು ಸೃಷ್ಟಿಸಿದೆ ಎಂದು ಕೇಳಿಕೊಂಡೇ ಇಲ್ಲ. ಉತ್ತರ ಆರ್ಕಾಟಿನಿಂದ, ಚಿತ್ತೂರಿನಿಂದ ಬಂದು ತಟ್ಟಿ ಗುಡಿಸಲುಗಳಲ್ಲಿ ನೆಲೆಸಿದ ದಲಿತ ಕಾರ್ಮಿಕರು ಇಲ್ಲಿ ಬರಿಯ ಕಲ್ಲನ್ನು ಒಡೆಯಲಿಲ್ಲ. ತಮಿಳಿನ ದಲಿತ ಚಿಂತಕ ಪಂಡಿತ ಅಯೋತಿದಾಸರ ಬೌದ್ಧ ಚಳವಳಿ ಮದ್ರಾಸಿನ ಹೊರಗೆ ಬಲವಾಗಿ ಬೇರು ಬಿಟ್ಟ ನೆಲೆಗಳಲ್ಲಿ ಮಾರಿಕುಪ್ಪಂ ಒಂದು. ಅಯೋತಿದಾಸರು 1907ರಲ್ಲಿ ಮದ್ರಾಸಿನಲ್ಲಿ ಆರಂಭಿಸಿದ ‘ತಮಿಳನ್’ ಪತ್ರಿಕೆ ಅವರು ತೀರಿಕೊಂಡ ಮೇಲೆ ನಿಂತಿತ್ತು. 1920ರ ದಶಕದಲ್ಲಿ ಜಿ. ಅಪ್ಪಾದುರೈ ಅವರ ಸಂಪಾದಕತ್ವದಲ್ಲಿ ಅದು ಮತ್ತೆ ಹೊರಟದ್ದು ಕೆಜಿಎಫ್‌ನಿಂದ. ಇಲ್ಲಿನ ‘ಸಿದ್ಧಾರ್ಥ ಪುತ್ತಗಸಾಲೈ’ ಎಂಬ ಪ್ರಕಾಶನ ಅಯೋತಿದಾಸರ ಬರಹಗಳನ್ನು ಅಚ್ಚು ಹಾಕಿ ಉಳಿಸಿತು. ನೆಲದಡಿ ಶಿಫ್ಟ್ ಮುಗಿಸಿ ಮೇಲೆ ಬಂದವರು ಜಾತಿ, ಧರ್ಮ, ಇತಿಹಾಸದ ಬಗ್ಗೆ ಅಚ್ಚಿನಲ್ಲಿ ವಾದ ಮಾಡುತ್ತಿದ್ದ ಊರಿದು.

ಕನ್ನಡದ ಓದುಗರಾದ ನಮ್ಮದೂ ಇಲ್ಲಿ ಒಂದು ತಪ್ಪಿದೆ. ಕೆಜಿಎಫ್ ‘ತಮಿಳರ ಊರು’ ಎಂದು ನಾವು ಬದಿಗಿಟ್ಟೆವು. ನಮ್ಮದೇ ರಾಜ್ಯದ ನೆಲದಲ್ಲಿ ನಡೆದ ಈ ಚಿಂತನೆ ಕನ್ನಡಕ್ಕೆ ಬರಬೇಕು ಎಂಬ ಹಟ ನಮ್ಮಲ್ಲಿ ಹುಟ್ಟಲಿಲ್ಲ. ಮಾಸ್ತಿ, ಡಿವಿಜಿ ಹುಟ್ಟಿದ ಜಿಲ್ಲೆ ಎಂದು ಕೋಲಾರವನ್ನು ಕೊಂಡಾಡುವಾಗ ಅಪ್ಪಾದುರೈ ಅವರ ಹೆಸರು ನಮ್ಮ ಬಾಯಿಗೆ ಬರುವುದಿಲ್ಲ. ನಾವೇ ಓದದ ಊರನ್ನು ನಾವೇ ಬರಿದು ಎಂದು ಕರೆದೆವು.

ಆ ಬರಿದಿನೊಳಕ್ಕೆ ಸಿನಿಮಾ ಬಂತು. 2018 ಮತ್ತು 2022ರಲ್ಲಿ ಬಂದ ‘ಕೆಜಿಎಫ್’ ಚಿತ್ರಗಳು ಊರಿನ ಹೆಸರನ್ನು ದೇಶದ ಮೂಲೆಮೂಲೆಗೆ ಒಯ್ದವು. ಅಲ್ಲಿ ಗಣಿಯ ಜನ ಮೂಕ ಜೀತದಾಳುಗಳು, ಬಿಡಿಸಲು ಹೊರಗಿನಿಂದ ಒಬ್ಬ ನಾಯಕ ಬರಬೇಕು. ಅದು ಕಟ್ಟುಕತೆ ಎಂದು ಚಿತ್ರ ಮಾಡಿದವರೂ ಬಲ್ಲರು. ಆದರೆ ನಿಜದ ಕೆಜಿಎಫ್‌ನ ಕಾರ್ಮಿಕರು 1930ರಲ್ಲೇ, ಬಲವಾದ ಯೂನಿಯನ್ ಇನ್ನೂ ಇಲ್ಲದ ಕಾಲದಲ್ಲಿ, ಬೆರಳಚ್ಚು ತೆಗೆದು ನೋಂದಾಯಿಸುವ ಪದ್ಧತಿಯ ವಿರುದ್ಧ ಗಣಿಗಳನ್ನು ನಿಲ್ಲಿಸಿದ್ದರು. 1946ರ ಹೋರಾಟದಲ್ಲಿ ಪೊಲೀಸರ ಗುಂಡಿಗೆ ಪ್ರಾಣ ಕೊಟ್ಟರು. ಅವರು ಯಾವ ನಾಯಕನಿಗೂ ಕಾಯಲಿಲ್ಲ. ಕಲಾ ಉತ್ಸವದ ಸಲಹೆಯಲ್ಲೂ ನನಗೆ ಅದೇ ಚಿತ್ರದ ನೆರಳು ಕಾಣುತ್ತದೆ. ಈ ಸಲ ಬಿಡಿಸಲು ಬರುವವನ ಕೈಯಲ್ಲಿ ಕುಂಚವಿದೆ, ಅಷ್ಟೇ ವ್ಯತ್ಯಾಸ.

ಹಾಗಾದರೆ ಚಿತ್ರಕ್ಕೆ, ದೃಶ್ಯಕ್ಕೆ ಊರನ್ನು ಬದಲಿಸುವ ಶಕ್ತಿ ಇಲ್ಲವೇ? ಇದೆ. ಕೆಜಿಎಫ್‌ನಲ್ಲೇ ಅದಕ್ಕೆ ಸಾಕ್ಷಿ ಇದೆ. 1966ರಲ್ಲಿ ಇಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅವರ ಮನೆಯವರು ಮಲ ಹೊರುವ ಕೆಲಸಕ್ಕೆ ಕಟ್ಟುಬಿದ್ದವರು. ಚಿನ್ನ ತೆಗೆದ ಊರಿನ ಒಣ ಶೌಚಾಲಯಗಳನ್ನು ಕೈಯಿಂದ ಬಳಿಯಬೇಕಿತ್ತು. ಅಂಥದ್ದೇನೂ ಇಲ್ಲ ಎಂದವರ ಮುಂದೆ, 1990ರ ದಶಕದ ಆರಂಭದಲ್ಲಿ, ವಿಲ್ಸನ್ ಆ ಶೌಚಾಲಯಗಳ ಫೋಟೊಗಳನ್ನೇ ಇಟ್ಟರು. ಅವು ಪತ್ರಿಕೆಗೆ ಬಂದವು, ದೆಹಲಿಯವರೆಗೂ ಸುದ್ದಿ ಮುಟ್ಟಿತು, ಆ ಶೌಚಾಲಯಗಳನ್ನು ಬದಲಿಸಲೇಬೇಕಾಯಿತು. ಮುಂದೆ ಸಫಾಯಿ ಕರ್ಮಚಾರಿ ಆಂದೋಲನವನ್ನು ಕಟ್ಟಿದ ಅವರಿಗೆ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಕೆಜಿಎಫ್‌ನಿಂದ ಹೊರಟ ಚಿತ್ರಗಳಲ್ಲಿ ಅತಿ ದೊಡ್ಡ ಕೆಲಸ ಮಾಡಿದವು ಯಾವ ಗ್ಯಾಲರಿಯಲ್ಲೂ ತೂಗಿರಲಿಲ್ಲ. ಅವನ್ನು ತೆಗೆದದ್ದು ಊರಿನವರು, ಊರಿನ ಬದುಕಿಗಾಗಿ.

ಕೋಲಾರದ ಇನ್ನೊಂದು ಮಾದರಿ ತೇರಹಳ್ಳಿ ಬೆಟ್ಟದ ಮೇಲಿದೆ. ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ದಿನಕ್ಕೊಂದು ರೂಪಾಯಿ ಕೂಡಿಡುತ್ತ ಕಟ್ಟಿದ ‘ಆದಿಮ’ ಸಾಂಸ್ಕೃತಿಕ ಕೇಂದ್ರದಲ್ಲಿ ತಿಂಗಳಿಗೊಮ್ಮೆ ‘ಹುಣ್ಣಿಮೆ ಹಾಡು’ ನಡೆಯುತ್ತದೆ. ನಾಟಕ, ತಮಟೆ, ಹಾಡು, ಮಾತು ಕೇಳಲು ಸುತ್ತಲಿನ ಹಳ್ಳಿಗಳವರು ಬೆಟ್ಟ ಹತ್ತಿ ಬರುತ್ತಾರೆ. ಅಲ್ಲಿಗೆ ಬರುವವರು ಪ್ರೇಕ್ಷಕರಾಗಿ ಬಂದು ಎಷ್ಟೋ ಸಲ ಆಡುವವರಾಗುತ್ತಾರೆ. ಎರಡು ವರ್ಷಕ್ಕೊಮ್ಮೆ ಬಂದು ಮೂರು ತಿಂಗಳಲ್ಲಿ ಗುಡಾರ ಕೀಳುವ ಉತ್ಸವಕ್ಕೂ ತಿಂಗಳು ತಪ್ಪದೆ ಬರುವ ಹುಣ್ಣಿಮೆಗೂ ಇರುವ ಅಂತರವೇ ನಾನು ಹೇಳಹೊರಟಿರುವುದು.

‘ಹಾಗಾದರೆ ಹೊಟ್ಟೆ ತುಂಬುವವರೆಗೆ ಬಡವರಿಗೆ ಕಲೆ ಬೇಡವೇ?’ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಹಸಿದ ಗಣಿ ಕಾರ್ಮಿಕರ ಸಾಲು ಸಾಲು ಲೈನ್ ಮನೆಗಳಲ್ಲೇ ಪತ್ರಿಕೆ ಬೆಳೆದ ಊರಿನ ಬಗ್ಗೆ ನಾನು ಬರೆಯುತ್ತಿದ್ದೇನೆ, ಕಲೆ ಕಾಯಲಿ ಎನ್ನಲಾರೆ. ಕಾಯಬೇಕಾದದ್ದು ಉತ್ಸವ. ಸೈನೈಡ್ ದಿಬ್ಬಗಳನ್ನೇ ನೋಡಿ. ಸುಮಾರು 3.3 ಕೋಟಿ ಟನ್ ಗಣಿತ್ಯಾಜ್ಯ ಅಲ್ಲಿ ಬಿದ್ದಿದೆ. ಗಾಳಿಯ ಕಾಲದಲ್ಲಿ ಅದರ ದೂಳು ಅನ್ನದ ತಟ್ಟೆಗೂ ಬರುತ್ತದೆ. 1,003 ಎಕರೆಯಲ್ಲಿ ಹರಡಿರುವ ಆ 13 ದಿಬ್ಬಗಳಿಂದ ಮತ್ತೆ ಚಿನ್ನ ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯ ಸಂಪುಟ 2024ರ ಜೂನ್‌ನಲ್ಲಿ ಒಪ್ಪಿಗೆ ಕೊಟ್ಟಿದೆ. ಊರಿನ ಮುಂದಿನ ಐವತ್ತು ವರ್ಷದ ಗಾಳಿ, ನೀರು, ಕೆಲಸ ತೀರ್ಮಾನವಾಗುವುದು ಅಲ್ಲಿ. ಅದೇ ದಿಬ್ಬಗಳನ್ನು ನಾವು ಕಲಾಕೃತಿಯ ಹಿನ್ನೆಲೆಯಾಗಿ ಮಾತ್ರ ನೋಡಿದರೆ, ಕೇಳಲೇಬೇಕಾದ ಪ್ರಶ್ನೆ ಕೇಳದೆ ಉಳಿಯುತ್ತದೆ.

ಆದ್ದರಿಂದ ನನ್ನ ತೀರ್ಪು ಇದು. ಕೆಜಿಎಫ್‌ನಲ್ಲಿ ಮೊದಲು ಆಗಬೇಕಾದದ್ದು ಗಣಿ ಕಾಲೊನಿಗಳ ಮನೆಯ ಹಕ್ಕು, ದಿಬ್ಬಗಳ ದೂಳಿಗೆ ತಡೆ, ದೂಳು ಕುಡಿದ ಹಿರಿಯರಿಗೆ ಚಿಕಿತ್ಸೆ. ಇದರ ಜೊತೆಜೊತೆಗೇ ಆಗಬೇಕಾದದ್ದು ಕಾರ್ಮಿಕರ ಒಂದು ಸಂಗ್ರಹಾಲಯ. ಅದರ ಗೋಡೆಯ ಮೇಲೆ ತಮಿಳು, ಕನ್ನಡ, ತೆಲುಗು ಮೂರೂ ಇರಲಿ. ‘ತಮಿಳನ್’ ಸಂಚಿಕೆಗಳು, ಮುಷ್ಕರದ ಕರಪತ್ರಗಳು, ಹೆಲ್ಮೆಟ್ಟು, ಊಟದ ಡಬ್ಬಿ, ಚರ್ಚು ಮತ್ತು ಬೌದ್ಧ ಸಂಘದ ಫೋಟೊಗಳು ಅಲ್ಲಿ ಸೇರಲಿ. ಗಣಿಯಲ್ಲಿ ಇಳಿದವರೇ ಅದನ್ನು ತೋರಿಸಲಿ, ಅದಕ್ಕೆ ಅವರಿಗೆ ಸಂಬಳ ಸಿಗಲಿ. ಆ ತಳಪಾಯದ ಮೇಲೆ ಜಗತ್ತಿನ ಯಾವ ಕಲಾವಿದ ಬಂದರೂ ಸ್ವಾಗತ. ಕೆಜಿಎಫ್ ಮುಚ್ಚಿದ ಅದೇ 2001ರಲ್ಲಿ ಬ್ರಿಟನ್ನಿನ ಕಲಾವಿದ ಜೆರೆಮಿ ಡೆಲ್ಲರ್ 1984ರ ಗಣಿ ಮುಷ್ಕರದ ಆರ್ಗ್ರೀವ್ ಘರ್ಷಣೆಯನ್ನು ಮರಳಿ ಆಡಿಸಿದಾಗ, ಅಂದು ಪೊಲೀಸರ ಏಟು ತಿಂದಿದ್ದ ಗಣಿ ಕಾರ್ಮಿಕರೂ ಅದರಲ್ಲಿ ಆಡಿದರು. ಆ ಕೃತಿ ಇಂದಿಗೂ ನಿಂತಿರುವುದು ಅದಕ್ಕೇ.

ಗಣಿ ಮುಚ್ಚಿದ ದಿನ ಮೂರು ಸಾವಿರಕ್ಕೂ ಹೆಚ್ಚು ಜನ ಕೆಲಸ ಕಳೆದುಕೊಂಡರು. ಅವರಲ್ಲಿ ಕಿರಿಯರಾಗಿದ್ದವರಿಗೂ ಈಗ ಐವತ್ತರ ಆಸುಪಾಸು, ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾರೆ. ಕೇಜಿನಲ್ಲಿ ಇಳಿಯುವಾಗ ಕಿವಿ ಕಟ್ಟುತ್ತಿದ್ದದ್ದು, ಶಿಲೆ ಸಿಡಿಯುವ ಮುನ್ನ ಕೇಳುತ್ತಿದ್ದ ಸದ್ದು, ಸೈರನ್ ಕೂಗಿದಾಗ ಮನೆಯವರು ಶಾಫ್ಟಿನ ಬಳಿಗೆ ಓಡುತ್ತಿದ್ದದ್ದು ಅವರ ನೆನಪಿನಲ್ಲಿ ಮಾತ್ರ ಇವೆ. ಉತ್ಸವ ಹತ್ತು ವರ್ಷ ತಡವಾಗಿ ಬಂದರೆ ಯಾರಿಗೂ ನಷ್ಟವಿಲ್ಲ. ಈ ಮಾತುಗಳನ್ನು ಬರೆದುಕೊಳ್ಳುವ ಕೆಲಸ ಹತ್ತು ವರ್ಷ ತಡವಾದರೆ ಹೇಳುವವರೇ ಇರುವುದಿಲ್ಲ. ಕೆಜಿಎಫ್‌ಗಾಗಿ ಏನಾದರೂ ಮಾಡಬೇಕೆಂದು ಮನಸ್ಸಿರುವವರು ಒಂದು ನೋಟ್‌ಬುಕ್ಕು ಹಿಡಿದು ಬಂಗಾರಪೇಟೆಯಲ್ಲಿ ರೈಲು ಬದಲಿಸಿ, ಮಾರಿಕುಪ್ಪಂಗೆ ಹೋಗಿ, ಯಾವುದಾದರೂ ಲೈನ್ ಮನೆಯ ಜಗಲಿಯಲ್ಲಿ ಕುಳಿತು ಕೇಳಿಸಿಕೊಳ್ಳಲಿ.